ಹದಿನೈದನೆಯ ಮಗ್ಗದ ಮಾತು

“ಅಷ್ಟೊಂದು ಏನು ಹೇಳ್ತಿದ್ಲೋ?”

ಮಗಳು ಇದನ್ನು ಯಾರನ್ನೂ ಕೇಳಿದ್ದಲ್ಲ. ಬಿಳಿ ಬಟ್ಟೆಯ ಪಟ್ಟಿಯೊಂದನ್ನು ತಾಯಿಯ ಗದ್ದದ ಅಡಿಯಿಂದ ತಂದು ನೆತ್ತಿಯ ಮೇಲೆ ಗಂಟು ಹಾಕುತ್ತಿದ್ದಳು. ಗಂಟು ಎರಡು ಸಲ ಜಾರಿತ್ತು. ಜಾರಿದಾಗಲೆಲ್ಲ ಬಾಯಿ ಒಂದಿಷ್ಟೇ ತೆರೆದುಕೊಂಡು, ಮಾತಿನ ನಡುವೆ ಯಾರೋ ತಡೆದರೆಂದು ಸುಮ್ಮನಾದವಳ ಬಾಯಿಯಂತೆ ಕಾಣುತ್ತಿತ್ತು.

“ಬಿಗಿಯಾಗಿ ಕಟ್ಟಮ್ಮ. ಇನ್ನು ಅವಳಿಗೆ ನೋವಾಗಲ್ಲ,” ಎಂದಳು ಪಕ್ಕದ ಮನೆಯ ದರ್ಜಿ ಹೆಂಗಸು. ಪಟ್ಟಿಯನ್ನು ತಾನೇ ತೆಗೆದುಕೊಂಡು ಒಂದೇ ಏಟಿಗೆ ಕಟ್ಟಿ ಮುಗಿಸಿದಳು. ಬಾಯಿ ಮುಚ್ಚಿತು.

“ಏನು ಹೇಳ್ತಿದ್ಲು ಅಂತ ಏನು ಕೇಳ್ತೀಯ,” ಎಂದು ಬಾಗಿಲ ಬಳಿ ನಿಂತಿದ್ದ ಅಣ್ಣ ಅಂದ. ಅವನು ಬೇರೆ ಊರಿನ ಲಾರಿ ಆಫೀಸೊಂದರಲ್ಲಿ ಗುಮಾಸ್ತ. ಹಿಂದಿನ ಸಂಜೆ ಬಂದಿದ್ದ, ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. “ಪದ್ಯ ಹೇಳ್ತಿದ್ಲು. ನೀನು ಕಳಿಸಿದ ವಿಡಿಯೊ ನೋಡಿದ ಕೂಡಲೇ ನನಗೆ ಗೊತ್ತಾಯ್ತು. ಮೇಷ್ಟ್ರಿಗೂ ಹೇಳಿದೀನಿ.”

“ಅಮ್ಮನಿಗೆ ಯಾವ ಪದ್ಯ ಬರ್ತಿತ್ತೋ ಅಣ್ಣ?”

“ಕೇಳಿ ಕೇಳಿ ಬಂದಿರುತ್ತೆ. ಆರು ದಿನ ತುಟಿ ಆಡಿಸ್ತಾನೇ ಇದ್ಲು ಅಂದ್ರೆ ಇನ್ನೇನು?”

ಆರು ದಿನ ಆ ಹಾಸಿಗೆಯ ಪಕ್ಕದಲ್ಲಿ ಕೂತಿದ್ದವಳು ಮಗಳು. ಅಣ್ಣನಿಗೆ ಇಷ್ಟು ಖಚಿತವಾಗಿ ಗೊತ್ತಿದ್ದದ್ದು ತನಗೆ ಮಾತ್ರ ಗೊತ್ತಿಲ್ಲವಲ್ಲ ಎಂಬುದು ಎದೆಯಲ್ಲಿ ಅನ್ನದೊಳಗಿನ ಕಲ್ಲಿನಂತೆ ಕೂತಿತ್ತು.

ಪದ್ಯದ ಮೇಷ್ಟ್ರು ಆಗಲೇ ಬಂದು ಕುರ್ಚಿಯ ಮೇಲೆ ಕೂತಿದ್ದರು. ಶಾಲೆಯಿಂದ ನಿವೃತ್ತರಾದ ಮೇಲೆ ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಬಂದು ಪದ್ಯ ಹೇಳುವುದು ಅವರ ವಾಡಿಕೆ. ಕರೆಯಬೇಕಾಗಿಲ್ಲ, ಕಳಿಸಬೇಕಾಗಿಲ್ಲ. ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ಲಯ ಹಿಡಿದು ಹೇಳುತ್ತಿದ್ದರು:

ಬಂದ ದಾರಿಯ ಕಡೆಗೆ ಮರಳುತಿಹಳಿವಳಿಂದು,
ತಂದುದೆಲ್ಲವನಿಲ್ಲೆ ಇಳಿಸಿ, ತಂದೆ.

ದನಿ ಒಡೆದಿತ್ತು, ಆದರೆ ಎಲ್ಲಿಯೂ ತಪ್ಪುತ್ತಿರಲಿಲ್ಲ. ಕೇಳಿದವರ ಉಸಿರು ತಾನಾಗಿ ನಿಧಾನವಾಗುತ್ತಿತ್ತು.

*

ಮಗ್ಗದ ಹೆಂಗಸರು ಹತ್ತು ಗಂಟೆಗೆ ಬಂದರು. ಒಂದು ಕಾಲಕ್ಕೆ ನೂರಿಪ್ಪತ್ತು ಮಂದಿ ಇದ್ದವರು ಈಗ ಐವರು ಉಳಿದಿದ್ದರು. ಗಿರಣಿ ಮುಚ್ಚಿ ಇಪ್ಪತ್ತೆಂಟು ವರ್ಷವಾಗಿದ್ದರೂ ಅವರು ಒಬ್ಬರನ್ನೊಬ್ಬರು ಕರೆಯುವುದು ಮಗ್ಗದ ಸಂಖ್ಯೆಯಿಂದಲೇ. ಸತ್ತವಳು ಹದಿನೈದು. ಅವಳ ಪಕ್ಕದ ಮಗ್ಗದವಳು ಹದಿನಾರು. ಎಪ್ಪತ್ತು ದಾಟಿ ಕೋಲು ಹಿಡಿದು ಬಂದರೂ ಊರಿಗೆ ಇನ್ನೂ ಹದಿನಾರೇ ಎಂಬ ನಗೆಮಾತು ಹಳೆಯದಾಗಿ, ಈಗ ಯಾರೂ ನಗದಂತಾಗಿತ್ತು. ಒಂಬತ್ತನೆಯವಳನ್ನು ಮಾತ್ರ ‘ಗಡಿಯಾರ’ ಅನ್ನುತ್ತಿದ್ದರು; ಶೆಡ್ಡಿನ ಗೋಡೆ ಗಡಿಯಾರ ಅವಳ ಮಗ್ಗದಿಂದಷ್ಟೇ ಕಾಣುತ್ತಿತ್ತು, ಪಾಳಿಯುದ್ದಕ್ಕೂ ಎಲ್ಲರೂ ಅವಳನ್ನೇ ಹೊತ್ತು ಕೇಳುತ್ತಿದ್ದರು.

ಐವರೂ ಗೋಡೆಗೆ ಒರಗಿ ಸಾಲಾಗಿ ಕೂತರು. ಹದಿನಾರು ಮಾತ್ರ ಹೆಣದ ಹತ್ತಿರ ಹೋಗಿ, ಕಟ್ಟಿದ ಗದ್ದವನ್ನು ನೋಡಿ, ಪಟ್ಟಿಯ ಮೇಲೆ ಒಂದು ಬೆರಳಿಟ್ಟು ತೆಗೆದಳು.

“ಚಿಕ್ಕಮ್ಮ,” ಎಂದು ಮಗಳು ಅವಳ ಕೈ ಹಿಡಿದಳು.

“ಬರಬೇಡ ಅಂದ್ರಲ್ಲೇ,” ಎಂದಳು ಹದಿನಾರು. ಮಗ್ಗದವರಿಗೆಲ್ಲ ಕಿವಿ ಮಂದ, ಆದ್ದರಿಂದ ದನಿ ದೊಡ್ಡದು. ಪಿಸುಮಾತು ಅಂದುಕೊಂಡದ್ದು ಬೀದಿಗೆ ಕೇಳುತ್ತದೆ. “ನಿಮ್ಮಣ್ಣ ಫೋನು ಮಾಡಿ, ಅಮ್ಮ ಯಾರನ್ನೂ ಗುರುತು ಹಿಡೀತಿಲ್ಲ, ಬಂದು ಏನು ಮಾಡ್ತೀರಿ ಅಂದ. ನಾನೂ ಸರಿ ಅಂತ ಕೂತೆ.”

“ಡಾಕ್ಟರು ಹಾಗೆ ಹೇಳಿದ್ರು ಚಿಕ್ಕಮ್ಮ.”

“ಡಾಕ್ಟರು ಹೇಳಿದ ಮೇಲೆ ಆಯ್ತು ಬಿಡು.”

ಅವಳು ಹೋಗಿ ತನ್ನವರ ಜೊತೆ ಕೂತಳು. ಮೇಷ್ಟ್ರ ಪದ್ಯ ನಡೆದಿತ್ತು. ಸ್ವಲ್ಪ ಹೊತ್ತಾದ ಮೇಲೆ ಐವರ ಭುಜಗಳೂ ಕುಲುಕುತ್ತಿರುವುದು ಕಾಣಿಸಿತು. ದರ್ಜಿ ಹೆಂಗಸು ಕಣ್ಣೊರೆಸಿಕೊಂಡು, “ಪಾಪ, ಜೊತೆಗೆ ದುಡಿದ ಜೀವಗಳು,” ಎಂದಳು.

ಮಗಳು ನೋಡಿದಳು. ಅವರು ಅಳುತ್ತಿರಲಿಲ್ಲ. ಗಡಿಯಾರ ತುಟಿಗಳನ್ನು ಅಗಲಿಸಿ, ಕೂಡಿಸಿ, ಉದ್ದಕ್ಕೆಳೆದು, ದನಿಯೇ ಇಲ್ಲದೆ ಮಾತಾಡುತ್ತಿದ್ದಳು. ಕಣ್ಣು ಮಾತ್ರ ಮೇಷ್ಟ್ರ ಅಂಗಿಯ ಮೇಲಿತ್ತು. ಮೇಷ್ಟ್ರು ಅವಸರದಲ್ಲಿ ಅಂಗಿಯ ಒಳಮೈ ಹೊರಗೆ ಮಾಡಿ ಹಾಕಿಕೊಂಡು ಬಂದಿದ್ದರು. ಹೊಲಿಗೆಯ ಅಂಚು, ಜೇಬಿನ ಚೀಲ ಎಲ್ಲ ಹೊರಗೆ. ಕಣ್ಣು ಮುಚ್ಚಿ ಪರಲೋಕದ ಬಾಗಿಲು ತೆರೆಯುತ್ತಿದ್ದ ಅವರಿಗೆ ಅದು ಗೊತ್ತಿರಲಿಲ್ಲ. ಆ ಶೋಕದ ಮನೆಯಲ್ಲಿ, ಅಷ್ಟು ಜನರ ನಡುವೆ, ಐದು ಮುದುಕಿಯರು ಅದನ್ನೇ ಆಡಿಕೊಂಡು ನಗುತ್ತಿದ್ದರು, ಒಂದು ಕಿವಿಗೂ ಬೀಳದಂತೆ.

ಮಗಳಿಗೂ ನಗು ಬರಬೇಕಿತ್ತು. ಬರಲಿಲ್ಲ. ಗಡಿಯಾರದ ತುಟಿಗಳನ್ನು ಅವಳು ನೋಡುತ್ತಲೇ ಇದ್ದಳು. ಆ ತುಟಿಗಳಲ್ಲಿ ಅವಸರವಿರಲಿಲ್ಲ. ಒಂದೊಂದು ಅಕ್ಷರವನ್ನೂ ಎತ್ತಿ ಬೇರೆ ಬೇರೆ ಇಡುವ ರೀತಿ ಅದು. ಅದೇ ರೀತಿಯನ್ನು ಅವಳು ಆರು ದಿನ ಆಸ್ಪತ್ರೆಯ ಹಾಸಿಗೆಯ ಮೇಲೆ ನೋಡಿದ್ದಳು.

*

ಅಮ್ಮನಿಗೆ ಪಾರ್ಶ್ವವಾಯು ಬಡಿದದ್ದು ತರಕಾರಿ ಹೆಚ್ಚುವಾಗ. ಎಡಗೈ, ಎಡಗಾಲು, ಮುಖದ ಎಡಭಾಗ ಹೋಯಿತು. ದನಿ ಪೂರ್ತಿ ಹೋಯಿತು. ಮೂಗಿಗೆ ಕೊಳವೆ ಹಾಕಿದರು.

ಎರಡನೆಯ ದಿನದಿಂದ ಬಲಭಾಗದ ತುಟಿ ಆಡತೊಡಗಿತು. ಮಗಳು ಡಾಕ್ಟರನ್ನು ಕರೆದು ತೋರಿಸಿದಳು. ಅವರು ಅಮ್ಮನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, “ಅಭ್ಯಾಸಬಲದಿಂದ ಆಡ್ತಿರುತ್ತೆ. ಅದಕ್ಕೆ ಅರ್ಥ ಇರಲ್ಲ,” ಎಂದರು. ಕೆಟ್ಟ ಮನುಷ್ಯರೇನಲ್ಲ. ಹೇಳಿ ಹೋಗುವಾಗ ಮಗಳ ಹೆಗಲು ತಟ್ಟಿದ್ದರು.

ಅರ್ಥ ಇಲ್ಲದಿದ್ದರೂ ತಾಯಿ ತನ್ನ ಮುಖ ನೋಡಿ ತುಟಿ ಆಡಿಸುವಾಗ ಸುಮ್ಮನಿರುವುದು ಹೇಗೆ? ಮಗಳು ಹೂಂಗುಟ್ಟಿದಳು. ಮಗುವಾಗಿದ್ದಾಗ ಅವಳ ಅರ್ಥವಿಲ್ಲದ ಮಾತುಗಳಿಗೆಲ್ಲ ತಾಯಿ ಹೂಂಗುಟ್ಟಿರಲಿಲ್ಲವೆ? ಹಾಗೆಯೇ ಇವಳೂ. “ಹೂಂ ಅಮ್ಮ. ಹೂಂ.” ಹೂಂ ಅಂದಾಗಲೆಲ್ಲ ತಾಯಿಯ ಅರ್ಧ ಮುಖ ಸಡಿಲಾಗುತ್ತಿತ್ತು. ತನ್ನ ದನಿ ಕೇಳಿ ನೆಮ್ಮದಿಯಾಗುತ್ತಿದೆ ಎಂದು ಮಗಳು ಇನ್ನಷ್ಟು ಹೇಳಿದಳು. ಮೂರನೆಯ ದಿನ ಅಣ್ಣನಿಗೆಂದು ಫೋನಿನಲ್ಲಿ ನಲವತ್ತು ಸೆಕೆಂಡು ಹಿಡಿದು ಕಳಿಸಿದಳು.

ನಾಲ್ಕು, ಐದನೆಯ ದಿನ ತುಟಿ ಹೆಚ್ಚು ಆಡಿತು. ತಾಯಿ ಒಂದೇ ಕೈಯಲ್ಲಿ ಮಗಳ ತೋಳು ಹಿಡಿದು ಅಲುಗಿಸಿದಳು. ಮಗಳು ನೀರಿನಲ್ಲಿ ಅದ್ದಿದ ಹತ್ತಿಯನ್ನು ತುಟಿಗೆ ಒತ್ತಿದಳು. ತಾಯಿ ಮುಖ ತಿರುಗಿಸಿದಳು. ಆರನೆಯ ದಿನ ತುಟಿ ಆಡಲಿಲ್ಲ. ತಾಯಿ ಬಾಗಿಲನ್ನಷ್ಟೇ ನೋಡುತ್ತ ಮಲಗಿದ್ದಳು.

ತಾಯಿ ಮಗ್ಗದವಳು ಎಂಬುದು ಮಗಳಿಗೆ ಗೊತ್ತಿರಲಿಲ್ಲವೆಂದಲ್ಲ. ಗಿರಣಿಯ ಗದ್ದಲದಲ್ಲಿ ಕಿವಿಗೆ ಕೆಲಸವಿಲ್ಲದೆ ಹೆಂಗಸರು ತುಟಿಯಲ್ಲೇ ಮಾತಾಡಿಕೊಳ್ಳುತ್ತಿದ್ದುದನ್ನು, ಆ ಮೇಲೆ ಬೀದಿಯ ಈ ಕಿಟಕಿಯಿಂದ ಆ ಕಿಟಕಿಗೆ ಹಾಗೆಯೇ ಮಾತಾಡುತ್ತಿದ್ದುದನ್ನು ಅವಳು ನೋಡುತ್ತಲೇ ಬೆಳೆದವಳು. ಶಾಲೆಯ ಗೇಟಿನಾಚೆ ನಿಂತು ಅಮ್ಮ ಬಾಯಿ ಅಗಲಿಸಿ ಏನೋ ಹೇಳಿದಾಗ ಗೆಳತಿಯರ ಮುಂದೆ ನಾಚಿಕೊಂಡು ತಲೆ ತಗ್ಗಿಸಿದ್ದಳು. ಅಮ್ಮ ಟಿವಿಯ ದನಿ ನಿಲ್ಲಿಸಿ ಸುದ್ದಿ ನೋಡುತ್ತಿದ್ದಳು. “ದನಿ ಇಲ್ದಿದ್ರೆ ಸುಳ್ಳು ಬೇಗ ಸಿಗುತ್ತೆ,” ಎನ್ನುತ್ತಿದ್ದಳು. ಮದುವೆ ಮನೆಗಳಲ್ಲಿ ಪಂಕ್ತಿಯ ಆ ತುದಿಯಲ್ಲಿ ಬೀಗರು ಆಡಿಕೊಂಡದ್ದನ್ನು ಈ ತುದಿಯಲ್ಲಿ ಕೂತು ಓದಿ, ಮನೆಗೆ ಬಂದು ಒಪ್ಪಿಸುತ್ತಿದ್ದಳು.

ಕಲಿ ಎಂದು ಒಮ್ಮೆ ಹೇಳಿದ್ದಳು ಕೂಡ. ಮಗಳು, ಗಿರಣಿಯೇ ಮುಚ್ಚಿತಲ್ಲ, ಅದನ್ನು ಕಲಿತು ಏನು ಮಾಡಲಿ ಎಂದಿದ್ದಳು. ಹಿತ್ತಲ ಗಿಡ ಮದ್ದಲ್ಲ. ಆಸ್ಪತ್ರೆಯ ಬಿಳಿ ಗೋಡೆಗಳ ನಡುವೆ, ಯಂತ್ರಗಳ ಕೀಚುಗಳ ನಡುವೆ, ಆ ಬಾಯಿ ಆಡುತ್ತಿರುವುದು ಅದೇ ಮಾತು ಎಂದು ಅವಳಿಗೆ ಹೊಳೆಯಲೇ ಇಲ್ಲ.

*

“ಚಿಕ್ಕಮ್ಮ, ಒಂದು ನಿಮಿಷ ಒಳಗೆ ಬನ್ನಿ.”

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಅಮ್ಮನ ಕನ್ನಡಕವಿತ್ತು. ಮಗಳು ಫೋನು ತೆಗೆದು ಹದಿನಾರಿನ ಕೈಗಿಟ್ಟಳು.

“ನೀವು ಓದಬಲ್ಲಿರಿ. ಏನು ಹೇಳ್ತಿದ್ದಾಳೆ ಹೇಳಿ.”

“ಇದೇನೇ ಇದು?”

“ಅಮ್ಮ. ಮೂರನೇ ದಿನದ್ದು. ಅಣ್ಣ ಪದ್ಯ ಅಂತಾನೆ. ನನಗೆ ಗೊತ್ತಿಲ್ಲ ಚಿಕ್ಕಮ್ಮ. ನನ್ನ ಮುಖ ನೋಡಿ ನೋಡಿ ಹೇಳ್ತಿದ್ಲು, ನನಗೆ ಗೊತ್ತಾಗಲಿಲ್ಲ. ಅವಳು ಏನಾದ್ರೂ ಕೇಳಿದ್ರೆ, ಏನಾದ್ರೂ ಬೇಕು ಅಂದಿದ್ರೆ…”

ಹದಿನಾರು ಕೋಲನ್ನು ಗೋಡೆಗೆ ಒರಗಿಸಿ, ಕಿಟಕಿಯ ಬೆಳಕಿಗೆ ತಿರುಗಿ, ಪರದೆಯನ್ನು ಕಣ್ಣಿನ ಹತ್ತಿರಕ್ಕೆ ತಂದಳು. ಮಗಳು ಬೆರಳಿನಿಂದ ಮುಟ್ಟಿದಳು. ಚಿತ್ರ ಓಡಿತು.

ಅರ್ಧ ಮುಖ ಜೋತಿತ್ತು. ಆದರೆ ಹದಿನೈದು ಯಾವತ್ತೂ ಬಲಗಡೆಯಿಂದಲೇ ಹೆಚ್ಚು ಮಾತಾಡುತ್ತಿದ್ದವಳು. ಹದಿನಾರರ ಮಗ್ಗ ಅವಳ ಬಲಕ್ಕಿತ್ತು. ಇಪ್ಪತ್ತಾರು ವರ್ಷ ಓದಿದ ಬಾಯಿ ಅದು. ತನ್ನ ಕೈಬರಹ ಓದುವಷ್ಟು ಸುಲಭವಾಗಿ ಹದಿನಾರು ಓದಿದಳು.

ಮನೆಗೆ ಹೋಗೋಣ್ವಾ, ಎಂದವು ತುಟಿಗಳು.

“ಹೂಂ ಅಮ್ಮ,” ಎಂದಿತು ಫೋನಿನೊಳಗಿನ ಮಗಳ ದನಿ.

ಇವತ್ತೇ?

“ಹೂಂ.”

ಅರ್ಧ ಮುಖ ಸಡಿಲಾಯಿತು. ಎದ್ದು ಹೊರಡುವ ಮೊದಲು ಕೋಣೆಯನ್ನೊಮ್ಮೆ ನೋಡುವವಳಂತೆ ಕಣ್ಣು ಸುತ್ತ ಆಡಿತು.

ಈ ಕೊಳವೆ ತೆಗಿಯೋಕೆ ಹೇಳು.

“ಹೂಂ ಅಮ್ಮ, ಹೂಂ.”

ಹದಿನಾರನ್ನ ಕರಿ. ಅವಳು ಬಂದ್ರೆ ನಾನು ನಡೀತೀನಿ.

“ಹೂಂ. ನೀರು ಬೇಕಾಮ್ಮ?”

ಬೇಡ. ಅವಳನ್ನ ಕರೀತೀಯಲ್ಲ?

“ಹೂಂ.”

ಅಷ್ಟಕ್ಕೆ ಚಿತ್ರ ನಿಂತು, ಕೊನೆಯ ನೋಟದಲ್ಲಿ ಹೆಪ್ಪುಗಟ್ಟಿತು. ಅರ್ಧ ಮುಖದಲ್ಲಿ ನಗು ಇತ್ತು. ಮಾತು ಕೊಟ್ಟವರನ್ನು ನಂಬಿದವರ ನಗು.

ಹದಿನಾರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ತಾನು ಆ ದಿನ ಏನು ಮಾಡುತ್ತಿದ್ದೆ ಎಂದು ನೆನಪಿಸಿಕೊಳ್ಳಲು ಯತ್ನಿಸಿದಳು. ಮೂರನೆಯ ದಿನ. ಬಟ್ಟೆ ಒಗೆದಿದ್ದಳು. ಮಧ್ಯಾಹ್ನ ಮಲಗಿದ್ದಳು. ಆಸ್ಪತ್ರೆಗೆ ಬಸ್ಸಿನಲ್ಲಿ ಹತ್ತು ನಿಮಿಷದ ದಾರಿ.

“ಏನಂತೆ ಚಿಕ್ಕಮ್ಮ?”

“ಬೆಳಕಿಲ್ಲ. ಸರಿಯಾಗಿ ಕಾಣಲ್ಲ.”

“ಕಿಟಕಿ ಮುಂದೇನೇ ನಿಂತಿದೀವಲ್ಲ.”

“ಕಣ್ಣಿಗೆ ಪೊರೆ ಬಂದಿದೆ ಕಣೇ. ವಯಸ್ಸಾಯ್ತು.”

ಮಗಳು ಅವಳನ್ನೇ ನೋಡಿದಳು. ಮೇಷ್ಟ್ರ ಅಂಗಿಯ ಒಳಹೊಲಿಗೆಯನ್ನು ಕೋಣೆಯ ಆ ಕಡೆಯಿಂದ ಕಂಡ ಕಣ್ಣು ಅದು. ಇನ್ನೊಮ್ಮೆ ತೋರಿಸಲು ಅವಳು ಬೆರಳೆತ್ತುವಷ್ಟರಲ್ಲಿ ಗಾಡಿ ಬಂತೆಂದು ಅಣ್ಣ ಕರೆದ.

*

ಸ್ಮಶಾನಕ್ಕೆ ಹೋಗುವ ದಾರಿ ಗಿರಣಿಯ ಗೋಡೆಗುಂಟ ಸಾಗುತ್ತದೆ. ಅರ್ಧ ಗಿರಣಿ ಈಗ ಹಾಸಿಗೆ-ದಿಂಬಿನ ಅಂಗಡಿ. ಇನ್ನರ್ಧವನ್ನು ಪುರಸಭೆ ಮ್ಯೂಸಿಯಂ ಮಾಡಿದೆ. ಹೊಗೆಗೊಳವೆಯ ತುದಿಯಲ್ಲಿ ಹಕ್ಕಿಗಳು ಕೂತಿದ್ದವು. ಗಾಡಿ ನಿಧಾನವಾಗಿ ಹೋಗುತ್ತಿತ್ತು. ಹಿಂದಿನ ಬಸ್ಸಿನಲ್ಲಿ ಹದಿನಾರು ಕಿಟಕಿಯ ಪಕ್ಕ ಕೂತಿದ್ದಳು. ಗೋಡೆಯ ಇಟ್ಟಿಗೆಗಳು ಒಂದೊಂದಾಗಿ ಹಿಂದಕ್ಕೆ ಸರಿದವು.

ಆ ಗೋಡೆಯೊಳಗೆ ಹದಿನಾರು ಮಗ್ಗಗಳ ಸಾಲಿತ್ತು, ಬಾಗಿಲಿನಿಂದ ತುದಿಯವರೆಗೆ. ಸುದ್ದಿ ಬಾಗಿಲಿಗೆ ಬಂದರೆ ಒಂದನೆಯವಳು ಎರಡನೆಯವಳಿಗೆ ತುಟಿಯಲ್ಲಿ ದಾಟಿಸಬೇಕು, ಎರಡನೆಯವಳು ಮೂರನೆಯವಳಿಗೆ. ಮಗ್ಗ ನಿಲ್ಲಿಸುವಂತಿಲ್ಲ. ಲಾಳಿ ಅತ್ತಿಂದಿತ್ತ ಹಾರುತ್ತಿರುವಾಗಲೇ ಹೆರಿಗೆಯ ಸುದ್ದಿ, ನಿಶ್ಚಯದ ಸುದ್ದಿ, ಮೇಸ್ತ್ರಿ ಬಂದ ಎಚ್ಚರಿಕೆ ಎಲ್ಲ ಸಾಲುಗುಂಟ ಹರಿದು ಬರುತ್ತಿತ್ತು.

ವರ್ಷಗಳ ಹಿಂದೊಂದು ದಿನ ಬಾಯ್ಲರ್ ಮನೆಯಿಂದ ಬಂದ ಸುದ್ದಿಯೂ ಹಾಗೆಯೇ ಹೊರಟಿತು. ಸುದ್ದಿ ಸಾಲಿನ ಕೊನೆಯ ಹತ್ತಿರ ಹದಿನೈದಕ್ಕೆ ಮುಟ್ಟುವಷ್ಟರಲ್ಲಿ ಮೇಸ್ತ್ರಿ ನಡೆದು ಬಂದು ಅವಳನ್ನು ಹೊರಗೆ ಕರೆದು, ಕೂರಿಸಿ ಹೇಳಬೇಕೆಂದು ಯಾರೋ ಯೋಚಿಸಿದ್ದರಂತೆ. ಆದರೆ ಹದಿನೈದು ಆ ಗಳಿಗೆಯಲ್ಲೇ ಹೊತ್ತೆಷ್ಟು ಎಂದು ಕೇಳಲು ತಲೆಯೆತ್ತಿ ಗಡಿಯಾರದ ಕಡೆ ನೋಡಿದಳು. ಗಡಿಯಾರ ಆಗ ಹತ್ತನೆಯವಳ ಕಡೆ ತಿರುಗಿ ಸುದ್ದಿ ದಾಟಿಸುತ್ತಿದ್ದಳು. ಹದಿನೈದರ ಗಂಡ ಹೋದ, ಎಂದವು ಅವಳ ತುಟಿಗಳು.

ಆರು ಮಗ್ಗದಾಚೆಯಿಂದ ಹದಿನೈದು ಅದನ್ನು ಓದಿದಳು.

ಅವಳು ಕಿರುಚಲಿಲ್ಲ, ಕಿರುಚಿದ್ದರೂ ಕೇಳುವಂತಿರಲಿಲ್ಲ. ತನ್ನ ಬಲಕ್ಕೆ ತಿರುಗಿದಳು. ನಿಜಾನಾ, ಎಂದು ತುಟಿಯಲ್ಲಿ ಕೇಳಿದಳು. ಹದಿನಾರಿಗೂ ಆ ಸುದ್ದಿ ಆಗಷ್ಟೇ ಹನ್ನೊಂದನೆಯವಳ ಬಾಯಲ್ಲಿ ಕಂಡಿತ್ತು. ಮುಖ ತಿರುಗಿಸಬಹುದಿತ್ತು. ತುಂಡಾದ ಎಳೆ ಹುಡುಕುವವಳಂತೆ ಬಗ್ಗಬಹುದಿತ್ತು. ಅವಳಿಗೆ ಹೊಳೆಯಲಿಲ್ಲ. ಕೇಳಿದ್ದಕ್ಕೆ ಉತ್ತರಿಸುವುದೊಂದೇ ಗೊತ್ತಿದ್ದ ತುಟಿಗಳು ತಾವಾಗಿ ಆಡಿಬಿಟ್ಟವು. ನಿಜ, ಎಂದವು.

ಹದಿನೈದು ತನ್ನ ಮಗ್ಗ ನಿಲ್ಲಿಸಿದಳು. ಎಳೆಯೊಂದು ಕಡಿದಿತ್ತು; ಅದನ್ನು ಗಂಟು ಹಾಕಿದಳು. ಆಮೇಲೆ ಮಗ್ಗಗಳ ಸಾಲಿನ ಉದ್ದಕ್ಕೆ ಬಾಗಿಲಿನ ಕಡೆಗೆ ನಡೆದಳು. ಒಬ್ಬಳೂ ಅವಳ ಕಡೆ ನೋಡಲಿಲ್ಲ. ನೋಡಿದರೆ ಏನಾದರೂ ಹೇಳಬೇಕಾಗುತ್ತಿತ್ತು. ಮನೆಯಲ್ಲಿ ಒಂಬತ್ತು ವರ್ಷದ ಮಗ, ನಾಲ್ಕು ವರ್ಷದ ಮಗಳು.

ಹದಿನೈದು ಎಂಟನೆಯ ದಿನ ಕೆಲಸಕ್ಕೆ ಮರಳಿದಳು. ತಿಂಗಳುಗಟ್ಟಲೆ ಹದಿನಾರಿನ ಜೊತೆ ಮಾತಾಡಲಿಲ್ಲ. ಒಂದು ದಿನ ಮಧ್ಯಾಹ್ನ, ಲಾಳಿ ಬದಲಿಸುವಾಗ, ತುಟಿಯಲ್ಲಿ ಹೇಳಿದಳು: ನೀನು ಸ್ವಲ್ಪ ಹೊತ್ತು ಸುಮ್ನಿದ್ದಿದ್ರೆ, ಬಾಗಿಲವರೆಗಾದ್ರೂ ನನ್ನ ಪಾಲಿಗೆ ಅವನು ಬದುಕಿರ್ತಿದ್ದ. ಹೇಳಿ, ಮತ್ತೆ ಮೊದಲಿನಂತೆ ಆದಳು. ಆ ಮಾತನ್ನು ಮುಂದೆಂದೂ ಎತ್ತಲಿಲ್ಲ. ಹದಿನಾರು ಅದನ್ನು ಯಾರಿಗೂ ಹೇಳಿರಲಿಲ್ಲ.

*

ಮಣ್ಣು ಮುಗಿಯಿತು. ಮೇಷ್ಟ್ರು ಅಂಗಿಯನ್ನು ಯಾವಾಗಲೋ ಸರಿ ಮಾಡಿಕೊಂಡಿದ್ದರು.

ಮ್ಯೂಸಿಯಂ ಅಧಿಕಾರಿ ಸ್ಮಶಾನದ ಗೇಟಿನಲ್ಲೇ ಕಾಯುತ್ತಿದ್ದ. ಸಭ್ಯ ಮನುಷ್ಯ, ಸತ್ತವಳ ತುಟಿಮಾತನ್ನು ಚಿತ್ರೀಕರಿಸಬೇಕೆಂದು ಎರಡು ವರ್ಷದಿಂದ ಮನೆಗೆ ಅಲೆದಿದ್ದ. ಅವಳು ನಾಳೆ ನಾಳೆ ಎಂದು ಅಲೆಸಿದ್ದಳು. “ಮ್ಯೂಸಿಯಂನಲ್ಲಿ ಟೀ ಇಟ್ಟಿದೀವಿ. ಎಲ್ಲರೂ ಬನ್ನಿ. ಅಮ್ಮನ ಗೌರವಕ್ಕೆ ಮಗ್ಗ ಎರಡು ನಿಮಿಷ ಓಡಿಸ್ತೀವಿ. ಮೇಷ್ಟ್ರು ನಾಲ್ಕು ಮಾತು ಹೇಳಲಿ,” ಎಂದ.

ಮ್ಯೂಸಿಯಂ ಹಾಲಿನ ನೆಲ ಹೊಳೆಯುತ್ತಿತ್ತು. ಎಣ್ಣೆ, ಹತ್ತಿಯ ದೂಳು, ಬೆವರು ಯಾವುದರ ವಾಸನೆಯೂ ಇರಲಿಲ್ಲ. ನಡುವೆ ಹಗ್ಗ ಕಟ್ಟಿದ ಆವರಣದಲ್ಲಿ ಒಂದೇ ಒಂದು ಮಗ್ಗ. ಐವರು ಮುದುಕಿಯರು ಬೆಂಚಿನ ಮೇಲೆ ಕೂತರು.

“ಇದು ಯಾರ ಮಗ್ಗನೇ?” ಎಂದಳು ಗಡಿಯಾರ ಗಟ್ಟಿಯಾಗಿ.

“ಯಾರದ್ದೂ ಅಲ್ಲ. ಬೇರೆ ಊರಿಂದ ತಂದ್ರಂತೆ. ನಮ್ಮದನ್ನೆಲ್ಲ ತೂಕಕ್ಕೆ ಹಾಕಿದ್ರಲ್ಲ,” ಎಂದಳು ಇನ್ನೊಬ್ಬಳು.

“ಅದಕ್ಕೇ ಇಷ್ಟು ಚೆನ್ನಾಗಿದೆ. ಕೆಲಸ ಮಾಡಿದ ಮುಖ ಅಲ್ಲ ಅದು.”

ಮೇಷ್ಟ್ರು ಟೀ ಲೋಟ ಹಿಡಿದು ಬಂದು ಅಣ್ಣನ ಪಕ್ಕ ನಿಂತರು. “ಪದ್ಯ ಹೇಳ್ತಾ ಹೋದ್ರು ಅಂದ್ರಲ್ಲ, ಯಾವುದು ಅಂತ ಗೊತ್ತಾದ್ರೆ ಈಗ ಅದನ್ನೇ ಹೇಳ್ತಿದ್ದೆ. ದೊಡ್ಡ ಪುಣ್ಯ ಅದು. ನಾನು ಅರವತ್ತು ವರ್ಷದಿಂದ ಪದ್ಯ ಹೇಳ್ತಾ ಇದೀನಿ, ನನಗೆ ಆ ಗಳಿಗೇಲಿ ಒಂದು ಸಾಲು ನೆನಪಾಗುತ್ತೋ ಇಲ್ವೋ.”

ಅಣ್ಣ ಹದಿನಾರಿನ ಕಡೆ ತಿರುಗಿದ. “ನೀವು ವಿಡಿಯೊ ನೋಡಿದ್ರಂತಲ್ಲ ಚಿಕ್ಕಮ್ಮ. ಪದ್ಯ ತಾನೇ?”

“ಸರಿಯಾಗಿ ಕಾಣಲಿಲ್ಲಪ್ಪ.”

“ತುಟಿ ನೋಡಿದ್ರೆ ಗೊತ್ತಾಗಲ್ವಾ? ಇಡೀ ಊರಿಗೆ ನೀವೇ ಅಂತಾರೆ.”

“ಕಾಣಲಿಲ್ಲ ಅಂದೆನಲ್ಲ.”

ಅವನು ಇನ್ನೇನೋ ಕೇಳುವವನಿದ್ದ. ಅಣ್ಣನ ಕಣ್ಣುಗಳು ಕೆಂಪಾಗಿದ್ದವು. ಬರಬೇಡಿ ಎಂದು ಫೋನಿನಲ್ಲಿ ಹೇಳಿದವನು ತಾನೇ ಎಂಬುದು ಅವನಿಗೂ ನೆನಪಿರಬೇಕು. ಪದ್ಯವೊಂದನ್ನು ಬಿಟ್ಟರೆ ಹಿಡಿದುಕೊಳ್ಳಲು ಅವನಿಗೂ ಬೇರೇನೂ ಇರಲಿಲ್ಲ. ಅಷ್ಟರಲ್ಲಿ ಅಧಿಕಾರಿ ಗೋಡೆಯ ಸ್ವಿಚ್ಚು ಒತ್ತಿದ.

ಮಗ್ಗ ಒಮ್ಮೆ ನಡುಗಿ ಓಡತೊಡಗಿತು. ಗದ್ದಲ ಇಡೀ ಹಾಲನ್ನು ತುಂಬಿತು. ಜನ ಕಿವಿ ಮುಚ್ಚಿಕೊಂಡು ಹಿಂದೆ ಸರಿದರು. ಮೇಷ್ಟ್ರು ಟೀ ಚೆಲ್ಲಿಕೊಂಡರು. ಬೆಂಚಿನ ಮೇಲಿದ್ದ ಐವರು ಮಾತ್ರ ಕದಲಲಿಲ್ಲ. ಬಿಸಿಲಿಗೆ ಕೂತವರಂತೆ ಮುಖ ಎತ್ತಿ ಕೂತಿದ್ದರು.

ಮಗಳು ಬಂದು ಹದಿನಾರಿನ ಎದುರು ಮೊಣಕಾಲೂರಿ ಕೂತಳು. ಮುದುಕಿಯ ಎರಡೂ ಕೈಗಳನ್ನು ಹಿಡಿದುಕೊಂಡಳು.

“ನಿಮಗೆ ಕಂಡಿದೆ,” ಎಂದಳು. ತನ್ನ ದನಿ ತನಗೇ ಕೇಳಲಿಲ್ಲ. “ಪದ್ಯ ಅಲ್ಲ ಅಂತ ನನಗೂ ಗೊತ್ತು. ನಾನು ಸುಮ್ನೆ ಹೂಂ ಹೂಂ ಅಂತಿದ್ದೆ ಚಿಕ್ಕಮ್ಮ. ಯಾವುದಕ್ಕೆ ಹೂಂ ಅಂದೆ? ಅದೊಂದು ಹೇಳಿ.”

ಹದಿನಾರು ಅವಳ ಬಾಯಿಯನ್ನೇ ನೋಡುತ್ತಿದ್ದಳು. ಪಕ್ಕದ ನಾಲ್ವರೂ ನೋಡುತ್ತಿದ್ದರು. ಗದ್ದಲದಲ್ಲಿ ಗುಟ್ಟಾಗಿ ಕೇಳುತ್ತಿದ್ದೇನೆಂದು ಮಗಳು ಅಂದುಕೊಂಡಿದ್ದಳು. ಆ ಹಾಲಿನಲ್ಲಿ ಅವಳ ಒಂದೊಂದು ಅಕ್ಷರವನ್ನೂ ಕೇಳಬಲ್ಲವರು ಆ ಬೆಂಚಿನ ಮೇಲಿನವರೇ. ಗಡಿಯಾರ ಕಣ್ಣು ಮುಚ್ಚಿಕೊಂಡಳು.

“ಅದಾಗದಿದ್ರೆ ಪದ್ಯ ಅಂತಾನೇ ಹೇಳಿಬಿಡಿ,” ಎಂದಳು ಮಗಳು. “ಸುಳ್ಳಾದ್ರೂ ಪರವಾಗಿಲ್ಲ. ನೀವು ಹೇಳಿದ್ರೆ ನಾನು ನಂಬ್ತೀನಿ. ಬದುಕಿರೋವರೆಗೆ ಕೇಳಲ್ಲ. ಎರಡರಲ್ಲಿ ಒಂದು ಹೇಳಿ.”

ಮುದುಕಿ ಕೈಗಳನ್ನು ಬಿಡಿಸಿಕೊಂಡು ಮಗಳ ಮುಖವನ್ನು ಬೊಗಸೆಯಲ್ಲಿ ಹಿಡಿದಳು, ಒಂದಿಷ್ಟು ಬೆಳಕಿಗೆ ತಿರುಗಿಸಿದಳು. ಆಮೇಲೆ, ದನಿಯನ್ನು ಒಂದು ಚೂರೂ ಖರ್ಚು ಮಾಡದೆ, ತುಟಿಗಳನ್ನು ಅಗಲವಾಗಿ ತೆರೆದು, ಒಂದೊಂದು ಅಕ್ಷರವನ್ನೂ ಬೇರೆ ಬೇರೆ ಇಟ್ಟು ಹೇಳಿದಳು.

ಹೇಳಲ್ಲ.

ಮಗಳು ಅದನ್ನು ತಪ್ಪಿಲ್ಲದೆ ಓದಿದಳು.